ಸಿನಗಾಗಿನ ಹೊರಕೋಣೆಯಲ್ಲಿ ಕುಳಿತವರು

ಕೊಚ್ಚಿಯ ಮಟ್ಟಾಂಚೇರಿಯಲ್ಲಿರುವ ಪರದೇಸಿ ಸಿನಗಾಗಿಗೆ ಮೊದಲ ಸಲ ಹೋದವರು ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಬೇರೆ ದೇಶಗಳ ಯಹೂದಿಗಳಲ್ಲಿ ಸಾಮಾನ್ಯವಾಗಿ ಈ ರೂಢಿಯಿಲ್ಲ. ಕೇರಳದ ಯಹೂದಿಗಳು ನೆರೆಹೊರೆಯಿಂದ ಕಲಿತದ್ದಿರಬೇಕು. ಗಂಡಸರು ತಲೆ ಮುಚ್ಚಿಕೊಳ್ಳುತ್ತಾರೆ. ನೆಲಕ್ಕೆ ಚೀನಾದ ನೀಲಿ-ಬಿಳಿ ಹೆಂಚು, ಮೇಲೆ ತೂಗುದೀಪಗಳು, ಮಹಿಳೆಯರಿಗೆ ಮಹಡಿಯಲ್ಲಿ ಪ್ರತ್ಯೇಕ ಜಾಗ. ತೋರಾ ಗ್ರಂಥದ ಸುರುಳಿಗಳನ್ನಿಟ್ಟ ಪೆಟ್ಟಿಗೆ ಪಶ್ಚಿಮದ ಗೋಡೆಯಲ್ಲಿದೆ, ಏಕೆಂದರೆ ಇಲ್ಲಿಂದ ಜೆರುಸಲೇಮ್ ಇರುವುದು ಆ ಕಡೆಗೆ. ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುವುದು ಈ ಪತ್ರಿಕೆಯ ಬಹಳಷ್ಟು ಓದುಗರಿಗೆ ಹೊಸದೇನಲ್ಲ.

ಸಾಮೂಹಿಕ ಪ್ರಾರ್ಥನೆ ಪೂರ್ಣವಾಗಲು ಹದಿಮೂರು ದಾಟಿದ ಹತ್ತು ಗಂಡಸರು ಸೇರಬೇಕು. ತೋರಾ ಓದುವಾಗ ಹೆಸರು ಹಿಡಿದು ಕರೆಸಿಕೊಳ್ಳುವುದು ದೊಡ್ಡ ಗೌರವ. ಈ ಗೌರವ ಯಾರಿಗೆ ಸಲ್ಲಬೇಕು ಎಂಬುದೇ ಇಲ್ಲಿ ಬಹುಕಾಲದ ಜಗಳವಾಗಿತ್ತು.

'ಪರದೇಸಿ' ಎಂಬ ಹೆಸರೇ ಕಥೆ ಹೇಳುತ್ತದೆ. ಮಲಬಾರಿನ ಯಹೂದಿಗಳು ಬಹಳ ಹಿಂದಿನಿಂದಲೂ ಇಲ್ಲಿದ್ದವರು. ಅವರ ಮುಖಂಡ ಜೋಸೆಫ್ ರಬ್ಬಾನನಿಗೆ ಸುಮಾರು ಸಾವಿರದ ಇಸವಿಯ ಹೊತ್ತಿಗೆ ಚೇರ ದೊರೆ ಭಾಸ್ಕರ ರವಿವರ್ಮ ತಾಮ್ರಶಾಸನ ಹಾಕಿಸಿಕೊಟ್ಟಿದ್ದ. ಸ್ಪೇನ್ 1492ರಲ್ಲಿ ಯಹೂದಿಗಳನ್ನು ಓಡಿಸಿದ ಬಳಿಕ ಅಲ್ಲಿಂದಲೂ, ಮುಂದೆ ಅರಬ್ ನಾಡುಗಳಿಂದಲೂ ಬಂದವರು ಪರದೇಸಿಗಳು. ಕೊಚ್ಚಿ ರಾಜ ಅರಮನೆಯ ಪಕ್ಕದಲ್ಲೇ ಜಾಗ ಕೊಟ್ಟ. 1568ರಲ್ಲಿ ಸಿನಗಾಗ್ ಎದ್ದಿತು.

ಆಶ್ರಯ ಬೇಡಿ ಬಂದವರೇ ಕಾಲಕ್ರಮದಲ್ಲಿ 'ಬಿಳಿಯ ಯಹೂದಿ'ಗಳಾದರು, ಹಳಬರು 'ಕರಿಯ ಯಹೂದಿ'ಗಳಾದರು! ಇವರ ನಡುವೆ ಇನ್ನೊಂದು ಗುಂಪಿತ್ತು: ಗುಲಾಮಗಿರಿಯಿಂದ ಬಿಡುಗಡೆಗೊಂಡವರು ಮತ್ತು ಅವರ ಸಂತತಿ. ಅದೇ ಧರ್ಮ, ಅದೇ ಪ್ರಾರ್ಥನೆ, ಅದೇ ಸಿನಗಾಗ್. ಆದರೆ ಬೆಂಚಿನ ಮೇಲೆ ಕೂರುವಂತಿಲ್ಲ. ನೆಲವೋ, ಮೆಟ್ಟಿಲೋ, ಹೊರಕೋಣೆಯೋ ಅವರ ಪಾಲಿಗೆ. ತೋರಾ ಓದಲು ಅವರನ್ನು ಕರೆಯುತ್ತಿರಲಿಲ್ಲ. ಜಾತಿಯ ಗಾಳಿ ಯಾವ ಬಾಗಿಲನ್ನೂ ಬಿಟ್ಟಿಲ್ಲ ನೋಡಿ. ನಮ್ಮ ಕೇರಿಗಳೂ ಇದಕ್ಕೆ ಹೊರತಲ್ಲ.

ಈ ಗುಂಪಿನಲ್ಲೇ 1882ರಲ್ಲಿ ಹುಟ್ಟಿದವರು ಅಬ್ರಹಾಂ ಬರಾಕ್ ಸೇಲಂ. ವಕೀಲರು, ಕೊಚ್ಚಿ ಶಾಸನ ಸಭೆಯ ಸದಸ್ಯರು, ಗಾಂಧೀಜಿಯ ಅನುಯಾಯಿ. 1924-25ರಲ್ಲಿ ವೈಕಂ ದೇವಾಲಯದ ಸುತ್ತಲಿನ ರಸ್ತೆಗಾಗಿ ಸತ್ಯಾಗ್ರಹ ನಡೆದ ಕಾಲವದು. ಸೇಲಂ ಅದೇ ಅಸ್ತ್ರವನ್ನು ತಮ್ಮ ಸಿನಗಾಗಿನೊಳಗೆ ಪ್ರಯೋಗಿಸಿದರು. ಕೆಲಕಾಲ ಅಲ್ಲಿಗೆ ಹೋಗುವುದನ್ನೇ ನಿಲ್ಲಿಸಿದರು. ತನ್ನವರ ವಿರುದ್ಧವೇ ನಿಲ್ಲುವ ಈ ಕೆಲಸ ಪರರನ್ನು ಟೀಕಿಸಿದಷ್ಟು ಸುಲಭವಲ್ಲ. 1930ರ ದಶಕದ ನಡುವಿನ ಹೊತ್ತಿಗೆ ಹಳೆಯ ನಿಷೇಧಗಳು ಬಹುಮಟ್ಟಿಗೆ ಸಡಿಲಗೊಂಡವು.

1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಕೊಚ್ಚಿಯ ಹೆಚ್ಚಿನ ಯಹೂದಿಗಳು ಅಲ್ಲಿಗೆ ಹೊರಟುಹೋದರು. ಸೇಲಂ ಇಲ್ಲೇ ಉಳಿದು 1967ರಲ್ಲಿ ತೀರಿಕೊಂಡರು. ಮರುವರ್ಷ ಸಿನಗಾಗಿನ ನಾನೂರನೇ ವರ್ಷಾಚರಣೆಗೆ ಪ್ರಧಾನಿ ಇಂದಿರಾ ಗಾಂಧಿ ಬಂದಿದ್ದರು. ಆ ಬಳಿಕ ಬೆಂಚುಗಳು ಒಂದೊಂದಾಗಿ ಖಾಲಿಯಾದವು. ಕೊನೆಕೊನೆಗೆ ಊರಿನವರಿಂದ ಹತ್ತರ ಲೆಕ್ಕ ತುಂಬದೆ, ಊರು ನೋಡಲು ಬಂದ ಯಾರೋ ಹೊಸ ಯಹೂದಿ ಪ್ರವಾಸಿಯನ್ನು ಪ್ರಾರ್ಥನೆಗೆ ಒಳಗೆ ಕರೆದು ಕೂರಿಸಿಕೊಳ್ಳಬೇಕಾಗುತ್ತಿತ್ತು.