ಅಡ್ರಿನಲಿನ್

ಅಡ್ರಿನಲಿನ್ ಅಥವಾ ಎಪಿನೆಫ್ರಿನ್ ಎಂಬುದು ಅಡ್ರೀನಲ್ ಗ್ರಂಥಿಗಳ ಒಳತಿರುಳಿನಲ್ಲಿ (ಮೆಡುಲ್ಲಾ) ಉತ್ಪತ್ತಿಯಾಗುವ ಹಾರ್ಮೋನು. ಈ ಗ್ರಂಥಿಗಳು ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುತ್ತವೆ. ಅಪಾಯ, ಭಯ, ಸಿಟ್ಟು ಅಥವಾ ತೀವ್ರ ಶ್ರಮದ ಸಂದರ್ಭಗಳಲ್ಲಿ ಇದು ರಕ್ತಕ್ಕೆ ಬಿಡುಗಡೆಯಾಗಿ ದೇಹವನ್ನು ತಕ್ಷಣದ ಪ್ರತಿಕ್ರಿಯೆಗೆ ಸಜ್ಜುಗೊಳಿಸುತ್ತದೆ. ತುರ್ತು ಚಿಕಿತ್ಸೆಯ ಔಷಧಿಯಾಗಿಯೂ ಬಳಕೆಯಲ್ಲಿರುವ ಇದು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿದೆ.

ಉತ್ಪತ್ತಿ

ಅಡ್ರಿನಲಿನ್ ಕ್ಯಾಟೆಕೋಲಮೈನ್ ಗುಂಪಿಗೆ ಸೇರಿದೆ. ಟೈರೋಸಿನ್ ಎಂಬ ಅಮೈನೋ ಆಮ್ಲವು ಕ್ರಮವಾಗಿ ಡೋಪಾ, ಡೋಪಮೈನ್ ಹಾಗೂ ನಾರ್‌ಅಡ್ರಿನಲಿನ್ ಆಗಿ ಮಾರ್ಪಟ್ಟು, ಕೊನೆಯಲ್ಲಿ ಅಡ್ರಿನಲಿನ್ ಆಗುತ್ತದೆ. ಕೊನೆಯ ಹಂತದ ಕಿಣ್ವದ ತಯಾರಿಕೆಗೆ ಅದೇ ಗ್ರಂಥಿಯ ಹೊರಪದರದಿಂದ ಬರುವ ಕಾರ್ಟಿಸೋಲ್ ಪ್ರಚೋದನೆ ನೀಡುತ್ತದೆ. ಮಿದುಳಿನ ಸಂದೇಶವು ಅನುವೇದನಾ ನರಗಳ ಮೂಲಕ ಗ್ರಂಥಿಯನ್ನು ತಲುಪಿದಾಗ, ಕೋಶಗಳಲ್ಲಿ ಸಂಗ್ರಹವಾಗಿದ್ದ ಹಾರ್ಮೋನು ಹೊರಬರುತ್ತದೆ.

ಕಾರ್ಯವಿಧಾನ

ಅಡ್ರಿನಲಿನ್ ಜೀವಕೋಶಗಳ ಹೊರಪೊರೆಯ ಮೇಲಿರುವ ಆಲ್ಫಾ ಮತ್ತು ಬೀಟಾ ಗ್ರಾಹಕಗಳಿಗೆ ಅಂಟಿಕೊಂಡು ಒಳಗೆ ಸಂಕೇತಗಳನ್ನು ಹುಟ್ಟಿಸುತ್ತದೆ. ಒಂದೇ ಹಾರ್ಮೋನು ಬೇರೆ ಬೇರೆ ಅಂಗಗಳಲ್ಲಿ ಬೇರೆ ಬೇರೆ ಪರಿಣಾಮ ಬೀರಲು ಈ ಗ್ರಾಹಕಗಳ ಹಂಚಿಕೆಯೇ ಮುಖ್ಯ ಕಾರಣ.

* ಆಲ್ಫಾ-1: ಚರ್ಮ ಮತ್ತು ಕರುಳಿನ ರಕ್ತನಾಳಗಳು ಸಂಕುಚಿಸಿ ರಕ್ತದೊತ್ತಡ ಏರುತ್ತದೆ; ಕಣ್ಣಿನ ಪಾಪೆ ಹಿಗ್ಗುತ್ತದೆ.
* ಬೀಟಾ-1: ಹೃದಯ ಬಡಿತದ ವೇಗ ಮತ್ತು ಬಲ ಹೆಚ್ಚುತ್ತವೆ.
* ಬೀಟಾ-2: ಶ್ವಾಸನಾಳಗಳು ಹಾಗೂ ಸ್ನಾಯುಗಳ ರಕ್ತನಾಳಗಳು ಹಿಗ್ಗುತ್ತವೆ.

ಯಕೃತ್ತಿನಲ್ಲಿ ಗ್ಲೈಕೋಜನ್ ಒಡೆದು ಗ್ಲೂಕೋಸ್ ರಕ್ತಕ್ಕೆ ಸೇರುತ್ತದೆ. ಈ ಪರಿಣಾಮಗಳು ಹೆಚ್ಚು ಹೊತ್ತು ಉಳಿಯುವುದಿಲ್ಲ. ಕಿಣ್ವಗಳು ಕೆಲವೇ ನಿಮಿಷಗಳಲ್ಲಿ ಹಾರ್ಮೋನನ್ನು ನಿಷ್ಕ್ರಿಯಗೊಳಿಸುತ್ತವೆ.

ವೈದ್ಯಕೀಯ ಬಳಕೆ

ಅನಾಫಿಲ್ಯಾಕ್ಸಿಸ್ ಎಂಬ ತೀವ್ರ ಅಲರ್ಜಿಯಲ್ಲಿ ರಕ್ತನಾಳಗಳು ಸಡಿಲಗೊಂಡು ರಕ್ತದೊತ್ತಡ ಕುಸಿಯುತ್ತದೆ, ಗಂಟಲು ಊದಿಕೊಳ್ಳುತ್ತದೆ, ಶ್ವಾಸನಾಳಗಳು ಬಿಗಿಯುತ್ತವೆ. ಇವೆಲ್ಲಕ್ಕೂ ಏಕಕಾಲದಲ್ಲಿ ಎದುರಾಗಿ ಕೆಲಸ ಮಾಡುವುದರಿಂದ ಅಡ್ರಿನಲಿನ್ ಮೊದಲ ಆಯ್ಕೆಯ ಔಷಧಿ. ವಯಸ್ಕರಿಗೆ ಸಾಮಾನ್ಯವಾಗಿ 0.5 ಮಿಲಿಗ್ರಾಂ ಪ್ರಮಾಣವನ್ನು ತೊಡೆಯ ಹೊರಭಾಗದ ಸ್ನಾಯುವಿಗೆ ಚುಚ್ಚಲಾಗುತ್ತದೆ. ಸುಧಾರಣೆ ಕಾಣದಿದ್ದರೆ 5 ನಿಮಿಷಗಳ ನಂತರ ಪುನರಾವರ್ತಿಸಬಹುದು. ಆಂಟಿಹಿಸ್ಟಮಿನ್ ಅಥವಾ ಸ್ಟೀರಾಯ್ಡ್ ಇದಕ್ಕೆ ಬದಲಿಯಲ್ಲ. ಚುಚ್ಚುಮದ್ದು ನೀಡುವಲ್ಲಿನ ವಿಳಂಬ ಪ್ರಾಣಕ್ಕೆ ಕುತ್ತು ತರಬಲ್ಲದು.

ಭಾರತದಲ್ಲಿ ಹಾವು ಕಡಿತಕ್ಕೆ ನೀಡುವ ಪ್ರತಿವಿಷವನ್ನು ಕುದುರೆಯ ರಕ್ತದಿಂದ ತಯಾರಿಸುವುದರಿಂದ ಕೆಲವರಲ್ಲಿ ಇಂತಹ ಪ್ರತಿಕ್ರಿಯೆ ಉಂಟಾಗುತ್ತದೆ. ಆದ್ದರಿಂದ ಪ್ರತಿವಿಷ ನೀಡುವಾಗ ಅಡ್ರಿನಲಿನ್ ಸಿದ್ಧವಾಗಿಟ್ಟುಕೊಳ್ಳುವುದು ಕಡ್ಡಾಯವೆನ್ನಬಹುದು.

ಹೃದಯಸ್ತಂಭನದಲ್ಲಿ ಇದನ್ನು 1 ಮಿಲಿಗ್ರಾಂನಂತೆ 3ರಿಂದ 5 ನಿಮಿಷಗಳಿಗೊಮ್ಮೆ ಅಭಿಧಮನಿಗೆ ನೀಡುತ್ತಾರೆ. ಬ್ರಿಟನ್ನಿನಲ್ಲಿ ಸುಮಾರು 8,000 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಡ್ರಿನಲಿನ್ ಪಡೆದವರಲ್ಲಿ 30 ದಿನಗಳ ನಂತರ ಬದುಕಿದ್ದವರ ಪ್ರಮಾಣ 3.2% ಇದ್ದರೆ, ಪಡೆಯದವರಲ್ಲಿ 2.4% ಇತ್ತು. ಆದರೆ ಮಿದುಳಿಗೆ ತೀವ್ರ ಹಾನಿಯಿಲ್ಲದೆ ಬದುಕುಳಿದವರ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ.

ದಂತ ಚಿಕಿತ್ಸೆಯಲ್ಲಿ ಲಿಗ್ನೋಕೇನ್ ಜೊತೆ ಇದನ್ನು ಬೆರೆಸುವುದುಂಟು. ರಕ್ತನಾಳಗಳು ಸಂಕುಚಿಸುವುದರಿಂದ ಮರಗಟ್ಟುವಿಕೆ ಹೆಚ್ಚು ಕಾಲ ಉಳಿಯುತ್ತದೆ, ರಕ್ತಸ್ರಾವವೂ ಕಡಿಮೆಯಾಗುತ್ತದೆ.

ಅಡ್ಡಪರಿಣಾಮಗಳು

ಕೈನಡುಕ, ಎದೆಬಡಿತ, ಆತಂಕ, ತಲೆನೋವು ಸಾಮಾನ್ಯ. ಪ್ರಮಾಣ ಮಿತಿಮೀರಿದರೆ ಅಥವಾ ತಪ್ಪಾಗಿ ನೇರ ರಕ್ತನಾಳಕ್ಕೆ ಹೋದರೆ ಹೃದಯದ ಲಯ ತಪ್ಪಬಹುದು, ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. 1:1,000 ಮತ್ತು 1:10,000 ಸಾಂದ್ರತೆಯ ದ್ರಾವಣಗಳ ನಡುವೆ ಹತ್ತು ಪಟ್ಟು ವ್ಯತ್ಯಾಸವಿರುವುದರಿಂದ ಎಚ್ಚರಿಕೆ ಅಗತ್ಯ. ಫಿಯೋಕ್ರೊಮೊಸೈಟೋಮಾ ಎಂಬ ಅಪರೂಪದ ಗಡ್ಡೆಯಲ್ಲಿ ಈ ಗುಂಪಿನ ಹಾರ್ಮೋನುಗಳು ಅತಿಯಾಗಿ ಸ್ರವಿಸಿ ರಕ್ತದೊತ್ತಡ, ಬೆವರು ಹಾಗೂ ಎದೆಬಡಿತ ಹೆಚ್ಚುತ್ತವೆ.

ಇತಿಹಾಸ

1890ರ ದಶಕದಲ್ಲಿ ಜಾರ್ಜ್ ಆಲಿವರ್ ಮತ್ತು ಎಡ್ವರ್ಡ್ ಶೇಫರ್ ಅವರು ಅಡ್ರೀನಲ್ ಗ್ರಂಥಿಯ ಸಾರವು ರಕ್ತದೊತ್ತಡವನ್ನು ಏರಿಸುವುದನ್ನು ತೋರಿಸಿದರು. ಜಪಾನಿನ ರಸಾಯನಶಾಸ್ತ್ರಜ್ಞ ಜೋಕಿಚಿ ತಕಾಮಿನೆ ಅಮೆರಿಕದಲ್ಲಿ ಇದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ 1901ರಲ್ಲಿ ಪ್ರಕಟಿಸಿದರು. 1904ರಲ್ಲಿ ಜರ್ಮನಿಯ ಫ್ರೀಡ್ರಿಕ್ ಸ್ಟೋಲ್ಜ್ ಇದನ್ನು ಕೃತಕವಾಗಿ ತಯಾರಿಸಿದರು. "ಹೋರಾಡು ಇಲ್ಲವೇ ಓಡು" ಎಂಬ ಪ್ರತಿಕ್ರಿಯೆಯ ಪರಿಕಲ್ಪನೆಯನ್ನು ವಾಲ್ಟರ್ ಕ್ಯಾನನ್ ನೀಡಿದರು. ಆಲ್ಫಾ ಮತ್ತು ಬೀಟಾ ಗ್ರಾಹಕಗಳೆಂಬ ವಿಂಗಡಣೆಯನ್ನು 1948ರಲ್ಲಿ ರೇಮಂಡ್ ಆಲ್‌ಕ್ವಿಸ್ಟ್ ಮಂಡಿಸಿದರು. ಈ ಗ್ರಾಹಕಗಳ ಕುಟುಂಬದ ಕುರಿತ ಸಂಶೋಧನೆಗಾಗಿ ರಾಬರ್ಟ್ ಲೆಫ್ಕೊವಿಟ್ಜ್ ಮತ್ತು ಬ್ರಯನ್ ಕೊಬಿಲ್ಕಾ ಅವರಿಗೆ 2012ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.