ಹಿಂಜರಿತದ ನಂತರ ವಿಮಾ ಕಂಪನಿಗಳ ಟೆಕ್ ದುಡ್ಡು ಎಲ್ಲಿಗೆ ಹೋಗಬೇಕು?

ಆರ್ಥಿಕ ಹಿಂಜರಿತ ಬಂದಾಗ ವಿಮಾ ಕಂಪನಿಗೆ ಎರಡು ಕಡೆಯಿಂದ ಏಟು ಬೀಳುತ್ತೆ. ಕೆಲಸ ಕಳಕೊಂಡವರು ಪ್ರೀಮಿಯಂ ಕಟ್ಟೋದು ನಿಲ್ಲಿಸ್ತಾರೆ, ಇದು ಎಲ್ಲರಿಗೂ ಕಾಣುವ ಏಟು. ಇನ್ನೊಂದು ಬಡ್ಡಿಯದ್ದು. ನಾವು ಕಟ್ಟಿದ ಪ್ರೀಮಿಯಂ, ಕ್ಲೇಮ್ ಬರುವವರೆಗೆ ಬಹುಪಾಲು ಬಾಂಡುಗಳಲ್ಲಿ ಕೂತು ಬಡ್ಡಿ ದುಡಿಯುತ್ತಿರುತ್ತೆ. 2020ರ ಏಪ್ರಿಲ್-ಜೂನ್‌ನಲ್ಲಿ ದೇಶದ ಜಿಡಿಪಿ ಮೊದಲ ಅಂದಾಜಿನ ಪ್ರಕಾರ ಶೇ. 23.9ರಷ್ಟು ಕುಸಿಯಿತು. ಅದೇ ಅವಧಿಯಲ್ಲಿ, ಮೇ ತಿಂಗಳಲ್ಲೇ ರಿಸರ್ವ್ ಬ್ಯಾಂಕ್ ರೆಪೋ ದರವನ್ನು ಶೇ. 4ಕ್ಕೆ ಇಳಿಸಿತ್ತು. ಬಡ್ಡಿ ಇಳಿದಾಗ ಕಂಪನಿಗೆ ಉಳಿಯುವ ದಾರಿ ಖರ್ಚು ಕಡಿಮೆ ಮಾಡೋದು. ಆಗ ಎಲ್ಲರೂ ಜಪಿಸುವ ಮಂತ್ರ 'ಡಿಜಿಟಲ್'.

ಇದು ಅವರ ದುಡ್ಡು, ಅವರ ಕಷ್ಟ ಅಂತ ಬಿಡುವ ಹಾಗಿಲ್ಲ. 2020ರ ಜುಲೈನಲ್ಲಿ ಕೇಂದ್ರ ಸಂಪುಟ ಓರಿಯಂಟಲ್, ನ್ಯಾಷನಲ್, ಯುನೈಟೆಡ್ ಇಂಡಿಯಾ ಈ ಮೂರು ಸರ್ಕಾರಿ ಕಂಪನಿಗಳಿಗೆ ಒಟ್ಟು 12,450 ಕೋಟಿ ರೂಪಾಯಿ ಬಂಡವಾಳಕ್ಕೆ ಒಪ್ಪಿಗೆ ಕೊಟ್ಟಿತು. ಅದು ನಮ್ಮ ತೆರಿಗೆ ಹಣ.

ದುಡ್ಡು ಸುಲಭವಾಗಿ ಹೋಗೋದು ಆ್ಯಪ್‌ಗೆ, ಚಾಟ್‌ಬಾಟ್‌ಗೆ. ಅಲ್ಲಿ ಡೆಮೊ ತೋರಿಸಬಹುದು, ಬಾಸ್ ಚಪ್ಪಾಳೆ ತಟ್ಟಬಹುದು. ಇಂಜಿನಿಯರಿಂಗ್ ಓದಿದವನಾಗಿ ನನಗೆ ಮುಖ್ಯ ಅನ್ಸೋದು ಹಿಂದಿರುವ ಕೋರ್ ಸಿಸ್ಟಮ್. ಯಾಕಂದ್ರೆ ವಿಮೆಯಲ್ಲಿ ಸಾಫ್ಟ್‌ವೇರ್‌ಗಿಂತ ಪಾಲಿಸಿಯ ಆಯಸ್ಸು ಜಾಸ್ತಿ. 1990ರ ದಶಕದಲ್ಲಿ ಮಾರಿದ ಜೀವ ವಿಮೆಯ ಷರತ್ತು, ಬೋನಸ್ ಲೆಕ್ಕ, ನಾಮಿನಿ ವಿವರ ಇವತ್ತಿಗೂ ಹಾಗೇ ನಡೆಯಬೇಕು. ಹಳೇ ಕೋಡ್ ಆಫ್ ಮಾಡೋಕಾಗಲ್ಲ, ಅದನ್ನು ಬರೆದವರು ನಿವೃತ್ತರಾಗಿರ್ತಾರೆ. ಅದರ ಮೇಲೆ ಚೆಂದದ ಆ್ಯಪ್ ಕೂರಿಸಿದ್ರೆ ಬಿರುಕು ಬಿಟ್ಟ ಗೋಡೆಗೆ ಸುಣ್ಣ ಹೊಡೆದ ಹಾಗೆ. ಬೆಂಗಳೂರಿನ ಅಕೋ, ಡಿಜಿಟ್‌ನಂಥ ಹೊಸ ಕಂಪನಿಗಳು ಚುರುಕಾಗಿ ಕಾಣೋಕೆ ಒಂದು ಕಾರಣ, ಹೊರೋಕೆ ಇಂಥ ಹಳೇ ಮೂಟೆ ಇಲ್ಲದಿರೋದು.

ಕೋರ್ ಆದ ಮೇಲೆ ಕ್ಲೇಮ್. ಐಆರ್‌ಡಿಎಐ 2024ರ ಮೇನಲ್ಲಿ ಆರೋಗ್ಯ ವಿಮೆಗೆ ಗಡಿಯಾರ ಕಟ್ಟಿತು: ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ ಉತ್ತರ, ಡಿಸ್ಚಾರ್ಜ್ ಬಿಲ್‌ಗೆ ಮೂರು ಗಂಟೆಯೊಳಗೆ ಒಪ್ಪಿಗೆ. ತಡವಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದನ್ನು ಕಂಪನಿಯೇ, ಅದೂ ಷೇರುದಾರರ ನಿಧಿಯಿಂದ ಕೊಡಬೇಕು. ಸ್ಕ್ಯಾನ್ ಮಾಡಿದ ಪಿಡಿಎಫ್ ಒಬ್ಬರಿಂದ ಒಬ್ಬರಿಗೆ ಇಮೇಲ್ ಮಾಡ್ಕೊಂಡು ಈ ಗಡುವು ಮುಟ್ಟೋಕಾಗಲ್ಲ. ಆಸ್ಪತ್ರೆ ಮತ್ತು ಕಂಪನಿ ಒಂದೇ ಮಾದರಿಯ ಡೇಟಾದಲ್ಲಿ ಮಾತಾಡಲಿ ಅಂತಲೇ ರಾಷ್ಟ್ರೀಯ ಆರೋಗ್ಯ ಕ್ಲೇಮ್ ವಿನಿಮಯ ವ್ಯವಸ್ಥೆ ಬಂದಿರೋದು. ಹೂಡಿಕೆ ಮೊದಲು ಅದಕ್ಕೆ ಜೋಡಣೆಯಾಗೋ ಕಡೆ ಹೋಗಲಿ. ವಂಚನೆ ಹಿಡಿಯುವ ಎಐ ಬೇಡ ಅಂತಲ್ಲ. ಆದರೆ ತಿರಸ್ಕರಿಸಿದ್ದು ಯಾಕೆ ಅಂತ ರೋಗಿಗೆ ಹೇಳಲಾಗದ ಮಾಡೆಲ್‌ಗೆ ಕ್ಲೇಮ್ ಒಪ್ಪಿಸೋದು ನನ್ನ ಪ್ರಕಾರ ಅನ್ಯಾಯ.

ಬಜೆಟ್ ಕತ್ತರಿ ಆಡುವಾಗ ಭದ್ರತೆಯನ್ನು ಮುಟ್ಟಬಾರದು. 2024ರಲ್ಲಿ ಸ್ಟಾರ್ ಹೆಲ್ತ್ ಗ್ರಾಹಕರ ಮಾಹಿತಿ, ವೈದ್ಯಕೀಯ ದಾಖಲೆಗಳೂ ಸೇರಿ, ಟೆಲಿಗ್ರಾಮ್ ಬಾಟ್‌ಗಳಲ್ಲಿ ಸಿಕ್ಕಿತ್ತು. ಪಾಸ್‌ವರ್ಡ್ ಬದಲಾಯಿಸಬಹುದು, ಕಾಯಿಲೆಯ ಇತಿಹಾಸ ಬದಲಾಯಿಸೋಕಾಗುತ್ತಾ? 2023ರ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ.

ನಮ್ಮ ಊರುಗಳಿಗೆ ಇದು ಮುಟ್ಟೋದು ಬೆಳೆ ವಿಮೆಯಲ್ಲಿ. ಕರ್ನಾಟಕದಲ್ಲಿ ನೋಂದಣಿಗೆ 'ಸಂರಕ್ಷಣೆ' ಪೋರ್ಟಲ್ ಇದೆ. ಫಸಲ್ ಬಿಮಾದಲ್ಲಿ 2023ರ ಮುಂಗಾರಿನಿಂದ ಭತ್ತದ ಇಳುವರಿ ಲೆಕ್ಕಕ್ಕೆ ಬೆಳೆ ಕಟಾವು ಪ್ರಯೋಗದ ಜೊತೆ ಉಪಗ್ರಹ ಆಧಾರಿತ ಅಂದಾಜಿಗೂ ಕನಿಷ್ಠ ಶೇ. 30ರಷ್ಟು ತೂಕ. ಒಳ್ಳೇದೇ, ಪರಿಹಾರ ಬೇಗ ಬರಬಹುದು. ಆದರೆ ಗ್ರಾಮ ಪಂಚಾಯಿತಿಯ ಗೋಡೆ ಮೇಲೆ ಆ ಅಂದಾಜನ್ನು ಬರೆದು ಹಾಕಬೇಕು, ರೈತ ಅದನ್ನು ಪ್ರಶ್ನಿಸೋಕೆ ದಾರಿ ಇರಬೇಕು. ಅದಕ್ಕೆ ಬೇಕಾದ್ದು ಪೇಂಟ್ ಡಬ್ಬಿ ಮತ್ತು ಇಚ್ಛೆ, ಕೋಟಿಗಳ ಸಾಫ್ಟ್‌ವೇರ್ ಅಲ್ಲ.

ನಿಮ್ಮದೇ ಕ್ಲೇಮ್ ಸಿಕ್ಕಿಕೊಂಡಿದ್ದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಕಾಣದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ಅಲ್ಲಿ ನಡೆಯುತ್ತೆ, ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.