ಹಿತ್ತಾಳೆಯ ಗಂಡಭೇರುಂಡ

ಧಾರವಾಡದ ಮಾಳಮಡ್ಡಿಯಲ್ಲಿರುವ ನನ್ನ ಮಿತ್ರರೊಬ್ಬರ ದೇವರಮನೆಯಲ್ಲಿ ಅಂಗೈಯೊಳಗೆ ಅಡಗುವಷ್ಟು ಚಿಕ್ಕದೊಂದು ಹಿತ್ತಾಳೆಯ ಹಕ್ಕಿಯಿದೆ. ಒಡಲು ಒಂದು, ತಲೆ ಎರಡು. ಮನೆಯ ಮಕ್ಕಳು ಅದನ್ನು ಗರುಡನೆಂದೇ ತಿಳಿದು ಕೈಮುಗಿಯುತ್ತಾರೆ. ತಿರುವಿ ನೋಡಿದರೆ ಬೆನ್ನಿಗೆ, ಬಟ್ಟೆಗೆ ಸಿಕ್ಕಿಸುವ ಎರಡು ಕೊಂಡಿಗಳು, ಒಂದು ಮುರಿದಿದೆ. ಅದು ದೇವರಲ್ಲ, ಸೈನಿಕನ ಲಾಂಛನ. ಮಿತ್ರರ ತಾಯಿಯ ತವರು ಮೈಸೂರು. ಆಕೆಯ ಅಜ್ಜ ಮೈಸೂರು ಲ್ಯಾನ್ಸರ್ಸ್ ಎಂಬ ಅಶ್ವದಳದಲ್ಲಿ ಸವಾರರಾಗಿದ್ದರು.

ಈ ಹಕ್ಕಿ ಸಮವಸ್ತ್ರವನ್ನೇರುವ ಮುನ್ನವೇ ಬಹುದೂರ ಹಾರಿತ್ತು. ಬಳ್ಳಿಗಾವೆಯಲ್ಲಿ 1047ರಲ್ಲಿ ಚಾವುಂಡರಾಯರಸನು ನಿಲ್ಲಿಸಿದ ಕಂಬದ ಮೇಲೆ ಅದು ಮನುಷ್ಯನ ಮೈಯನ್ನು ತಳೆದು ನಿಂತಿದೆ. ವಿಜಯನಗರದ ಅಚ್ಯುತರಾಯನ ಹೊನ್ನಿನ ನಾಣ್ಯದಲ್ಲಿ ಆನೆಗಳನ್ನೇ ಎತ್ತಿಕೊಂಡು ಹಾರಿದೆ. ಮೈಸೂರು ಒಡೆಯರಿಗೆ ಅದು ರಾಜಲಾಂಛನ. ಇಂದು ಕರ್ನಾಟಕ ರಾಜ್ಯದ ಮುದ್ರೆಯಲ್ಲಿಯೂ ಅದಕ್ಕೆ ಸ್ಥಾನವಿದೆ.

ಮೈಸೂರಿನ ಸವಾರರು 1914ರಲ್ಲಿ ಕಡಲು ದಾಟಿ ಈಜಿಪ್ತಿಗೆ ಹೋದರು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣದ ಮುಂದೆ ಅವರ ಪರೀಕ್ಷೆ ನಡೆಯಿತು. ಕಾರ್ಮೆಲ್ ಬೆಟ್ಟದ ಮೇಲೆ ತುರ್ಕರ ಫಿರಂಗಿಗಳು, ಕೆಳಗೆ ಯಂತ್ರಬಂದೂಕುಗಳು. ಮೈಸೂರಿನ ತುಕಡಿಯೊಂದು ಬೆಟ್ಟವನ್ನೇರಿ ಫಿರಂಗಿಗಳ ಬಾಯಿ ಕಟ್ಟಿತು. ಜೋಧಪುರದವರು ಊರಿನೊಳಗೆ ನುಗ್ಗಿದರು. ದಿಲ್ಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರು ಕಂಚಿನ ಸೈನಿಕರು ಜೋಧಪುರ, ಹೈದರಾಬಾದ್ ಮತ್ತು ಮೈಸೂರಿನವರು. ಸಂಸ್ಥಾನಗಳು ಕರಗಿದ ಮೇಲೆ, 1953ರಲ್ಲಿ, ಮೈಸೂರಿನ ಅಶ್ವದಳವೂ ಇತರ ಸಂಸ್ಥಾನಗಳ ದಳಗಳೊಡನೆ ಒಂದು ಹೊಸ ರೆಜಿಮೆಂಟಿನಲ್ಲಿ ಬೆರೆಯಿತು. ಅದೇ 61ನೆಯ ಅಶ್ವದಳ. ದಳದ ಹೆಸರು ಅಳಿಯಿತು. ಹೊಸ ದಳದ ಲಾಂಛನದಲ್ಲಿ ಎರಡು ತಲೆಯ ಹಕ್ಕಿ ಮಾತ್ರ ಉಳಿಯಿತು.

ಮಾಳಮಡ್ಡಿಯ ಹಕ್ಕಿ ಉಳಿದ ರೀತಿಯೇ ಬೇರೆ. ಹಬ್ಬ ಬಂದಾಗಲೆಲ್ಲ ಆ ತಾಯಿ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಾರೆ. ತೆಳು ತಗಡನ್ನು ಅಚ್ಚಿನಲ್ಲಿ ಒತ್ತಿ ಮಾಡಿದ ಲಾಂಛನವದು. ಉಬ್ಬಿದ ಭಾಗವೇ ಮೊದಲು ಸವೆಯುತ್ತದೆ. ಗರಿಗಳೆಲ್ಲ ನುಣುಪಾಗಿವೆ, ಒಂದು ಕಣ್ಣು ಅಳಿಸಿದೆ. ಹುಳಿಗೆ ಹಿತ್ತಾಳೆಯೊಳಗಿನ ಸತುವು ಮೊದಲು ಸೋಲುವುದರಿಂದ ಅಲ್ಲಲ್ಲಿ ತಾಮ್ರದ ಕೆಂಪು ಇಣುಕಿದೆ. ನಾನು ಮೆಲ್ಲಗೆ ಆಕ್ಷೇಪಿಸಿದೆ. ಆಕೆ ನಕ್ಕರು: "ದೇವರ ಸಾಮಾನು ತಿಕ್ಕದ ಇಡಲಿಕ್ಕೆ ಬರ್ತದೇನು, ತಮ್ಮಾ?"

ಕೊನೆಗೆ ಅದನ್ನು ಹುಬ್ಬಳ್ಳಿಯ ಕಂಚಗಾರ ಗಲ್ಲಿಗೆ ಒಯ್ದೆವು. ವೃದ್ಧ ಕುಶಲಕರ್ಮಿಯೊಬ್ಬರು ಬೆರಳಿನಿಂದ ತಡವಿ ನೋಡಿ, "ಹೊಸಾ ಗರಿ ಕೊರದ ಕೊಡ್ತೀನ್ರಿ, ಎರಡ ತಾಸಿನ ಕೆಲಸ" ಎಂದರು. ಅವರ ಕೈ ನುರಿತ ಕೈ. ಗರಿಗಳು ಚೆನ್ನಾಗಿಯೇ ಮೂಡುತ್ತಿದ್ದವು. ಆದರೆ ಅವು ಹೈಫಾ ಕಂಡ ಗರಿಗಳಾಗುತ್ತಿರಲಿಲ್ಲ. ಒಂದು ಉಳಿಯ ಏಟಿಗೆ ಸವಾರನ ಲಾಂಛನವೂ ಹೋಗುತ್ತಿತ್ತು, ಮೊಮ್ಮಗಳ ಅರವತ್ತು ವರುಷಗಳ ಕೈಯ ಗುರುತೂ ಹೋಗುತ್ತಿತ್ತು. ಆ ಸವೆತವೂ ಈಗ ಇತಿಹಾಸವೇ ಅಲ್ಲವೇ?

ಮುರಿದ ಕೊಂಡಿಗೆ ಬೆಸುಗೆ, ಸಂದುಗಳ ಹಸಿರು ಕಿಲುಬಿಗೆ ಮೃದುವಾದ ಕುಂಚ: ಇಷ್ಟನ್ನೇ ಮಾಡಿಸಿದೆವು. ಹಕ್ಕಿ ಮತ್ತೆ ದೇವರಮನೆ ಸೇರಿದೆ. ಹುಣಸೆಹಣ್ಣಿನ ಬದಲು ಈಗ ಒಣ ಹತ್ತಿಬಟ್ಟೆಯಲ್ಲಿ ಒರೆಸುತ್ತಾರೆ. ಮಕ್ಕಳು ಈಗಲೂ ಕೈಮುಗಿಯುತ್ತಾರೆ. ಆದರೆ ಅದಕ್ಕೆ ಎರಡು ತಲೆ ಏಕೆಂದು ಕೇಳುತ್ತಾರೆ. ಅಜ್ಜಿ ಹೈಫಾದ ಕಥೆ ಹೇಳುತ್ತಾರೆ.

(ಬಾನುಲಿ ಭಾಷಣ)